ಮೈಲೋನ ಮಂಡಿ: ಸಣ್ಣ ನಾಯಿಗೆ ಎಂಥ ವ್ಯಾಯಾಮ, ಎಷ್ಟು ವ್ಯಾಯಾಮ?

ಕಳೆದ ವರ್ಷ ಸಂಘದವರು ಈ ಪುಸ್ತಕಕ್ಕೆ ಏನಾದರೂ ಬರಿ ಅಂತ ಕೇಳಿದಾಗ ಥೀಸಿಸ್ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ನೆಪ ಹೇಳೋಕೆ ಮನಸ್ಸಾಗಲಿಲ್ಲ. ಯಾಕಂದ್ರೆ ನಾನೇ ಮಾಡಿದ ಒಂದು ತಪ್ಪಿದೆ, ಅದರಿಂದ ಕಲಿತ ವಿಷಯ ನಿಮ್ಮಲ್ಲಿ ಕೆಲವರಿಗಾದರೂ ಉಪಯೋಗಕ್ಕೆ ಬರಬಹುದು. ನಮ್ಮಲ್ಲಿ ಎಷ್ಟೋ ಜನ ಇಲ್ಲಿ ರೂಮು ಬಾಡಿಗೆಗೆ ಹಿಡಿದಿದ್ದೇವೆ. ಆ ಮನೆಗಳಲ್ಲಿ ಪೂಡಲ್ಲೋ, ಶಿಟ್ಜುವೋ, ಪಮೇರಿಯನ್ನೋ ಒಂದು ಇದ್ದೇ ಇರುತ್ತೆ. ಓನರ್ ಊರಿಗೆ ಹೋದಾಗ "ಎರಡು ದಿನ ನೋಡ್ಕೋ" ಅಂತ ನಮ್ಮ ಕೈಗೆ ಕೊಟ್ಟು ಹೋಗುತ್ತಾರೆ. ನನಗೂ ಹಾಗೇ ಆಯ್ತು.

ನಾನಿರೋದು ಸೆರ್ಡಾಂಗ್ ಹತ್ತಿರದ ಒಂದು ಟೆರೇಸ್ ಮನೆಯಲ್ಲಿ. ಮನೆ ಓನರ್ ಒಬ್ಬ ಚೀನೀ ಆಂಟಿ. ಅವರ ನಾಯಿ ಮೈಲೋ, ಕಂದು ಬಣ್ಣದ ಟಾಯ್ ಪೂಡಲ್, ವಯಸ್ಸು ಐದು. ಇಲ್ಲಿನವರು ಬೆಳಗ್ಗೆ ಸಂಜೆ ಕುಡಿಯೋ ಮೈಲೋದ ಬಣ್ಣವೇ ಅದಕ್ಕೆ, ಹಾಗಾಗಿ ಆ ಹೆಸರು. ಆಂಟಿ ನಾಲ್ಕು ದಿನಕ್ಕೆ ಇಪೋಗೆ, ಅಕ್ಕನ ಮನೆಗೆ ಹೋದರು. ಮೂರನೇ ಸಂಜೆ ನಾನು ಹಾಲ್‌ನಲ್ಲಿ ಟೆನಿಸ್ ಬಾಲ್ ಎಸೆಯುತ್ತಿದ್ದೆ. ಮೈಲೋ ಸೋಫಾದಿಂದ ಹಾರಿ, ಟೈಲ್ಸ್ ಮೇಲೆ ಜಾರಿ, ತಿರುಗಿದ. ಒಂದು ಸಲ ಕುಂಯ್ ಅಂದ. ಎಡ ಹಿಂಗಾಲು ಎತ್ತಿ ಮೂರು ಹೆಜ್ಜೆ ಕುಪ್ಪಳಿಸಿದ. ಆಮೇಲೆ ಕಾಲನ್ನು ಹಿಂದಕ್ಕೆ ಚಾಚಿ ಒದರಿ, ಏನೂ ಆಗದವನ ಹಾಗೆ ಬಾಲ್ ತಂದು ನನ್ನ ಮುಂದೆ ಇಟ್ಟ. ನಾನು ನಕ್ಕೆ. ಇನ್ನೂ ಹತ್ತು ಸಲ ಎಸೆದೆ.

ಮಾರನೇ ದಿನ ಬೆಳಗ್ಗೆ ಮೈಲೋ ಆ ಕಾಲನ್ನು ನೆಲಕ್ಕೆ ಊರಲೇ ಇಲ್ಲ.

ಕ್ಲಿನಿಕ್‌ನಲ್ಲಿ ಡಾಕ್ಟರು ಕಾಲು ಮುಟ್ಟಿ ನೋಡಿ, ಎಕ್ಸ್-ರೇ ತೆಗೆಸಿ, "ಮಂಡಿಚಿಪ್ಪು ಜಾರುತ್ತಿದೆ. ಎಡಗಾಲು ಎರಡನೇ ಹಂತ, ಬಲಗಾಲು ಮೊದಲನೇ ಹಂತ" ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಇದಕ್ಕೆ ಮುಂಚೆ ಕುಪ್ಪಳಿಸಿ ಓಡೋದನ್ನ ನೋಡಿದ್ದೀರಾ?" ನೋಡಿದ್ದೆ. ನೋಡಿದ್ದಷ್ಟೇ ಅಲ್ಲ, ಮೊಬೈಲಲ್ಲಿ ವಿಡಿಯೋ ಮಾಡಿ, ಇಂಜಿನಿಯರಿಂಗ್ ಕಾಲೇಜಿನ ಗ್ರೂಪಿಗೆ "ನಮ್ಮ ಮೈಲೋ ಡ್ಯಾನ್ಸು" ಅಂತ ಬರೆದು ಕಳಿಸಿದ್ದೆ. ಇಪ್ಪತ್ತು ಜನ ನಗುವ ಇಮೋಜಿ ಹಾಕಿದ್ದರು. ಆ ವಿಡಿಯೋ ತೆಗೆದು ತೋರಿಸಿದೆ. ಡಾಕ್ಟರು ಅದನ್ನ ನಿಧಾನವಾಗಿ ಎರಡು ಸಲ ನೋಡಿ, "ಇದೇ, ಇದೇ ರೋಗದ ಲಕ್ಷಣ" ಅಂದರು.

ಅವತ್ತಿಂದ ಓದಿದ್ದು, ಕೇಳಿದ್ದು, ಮೈಲೋ ಜೊತೆ ಮಾಡಿದ್ದು ಎಲ್ಲ ಇಲ್ಲಿ ಬರೆದಿದ್ದೇನೆ. ನಾನು ಪಶುವೈದ್ಯ ಅಲ್ಲ, ಮೆಕ್ಯಾನಿಕಲ್ ಓದಿದವನು. ನಿಮ್ಮ ನಾಯಿಗೆ ಯಾವ ಹಂತ ಅನ್ನೋದನ್ನ ಡಾಕ್ಟರೇ ಹೇಳಬೇಕು. ಅದನ್ನ ತಿಳಿದುಕೊಂಡ ಮೇಲೆ ಮನೆಯಲ್ಲಿ ಏನು ಮಾಡೋದು ಅನ್ನೋದೇ ಈ ಲೇಖನ.

ರಾಟೆಯಿಂದ ಜಾರುವ ಹಗ್ಗ

ಅರಸೀಕೆರೆಯ ನಮ್ಮ ಮನೆ ಹಿತ್ತಲಲ್ಲಿ ಒಂದು ಸೇದೋ ಬಾವಿ ಇತ್ತು. ರಾಟೆ ಹಳೆಯದು, ನಡುವಿನ ತಗ್ಗು ಸವೆದು ಹೋಗಿತ್ತು. ಕೊಡವನ್ನು ನೇರ ಎಳೆದರೆ ಹಗ್ಗ ತಗ್ಗಿನಲ್ಲೇ ಓಡುತ್ತಿತ್ತು. ಸ್ವಲ್ಪ ಪಕ್ಕಕ್ಕೆ ಎಳೆದರೆ ಸಾಕು, ಹಗ್ಗ ರಾಟೆಯಿಂದ ಜಾರಿ ಪಕ್ಕಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಕೊಡ ಮೇಲಕ್ಕೂ ಬರುತ್ತಿರಲಿಲ್ಲ, ಕೆಳಕ್ಕೂ ಹೋಗುತ್ತಿರಲಿಲ್ಲ. ಹಗ್ಗ ಸಡಿಲ ಬಿಟ್ಟು, ಒಂದು ಸಲ ಜಾಡಿಸಿದರೆ ಮತ್ತೆ ತಗ್ಗಿಗೆ ಬಂದು ಕೂರುತ್ತಿತ್ತು.

ನಾಯಿಯ ಮಂಡಿಯಲ್ಲಿ ಆಗೋದೂ ಇದೇ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಕೆಳಗೆ ಬಂದು ಮಂಡಿಚಿಪ್ಪನ್ನು ಹಿಡಿಯುತ್ತೆ. ಚಿಪ್ಪಿನಿಂದ ಕೆಳಗೆ ಒಂದು ಗಟ್ಟಿ ಪಟ್ಟಿ ಹೋಗಿ ಕಣಕಾಲಿನ ಮೂಳೆಗೆ ಅಂಟುತ್ತೆ. ಸ್ನಾಯು ಎಳೆದರೆ ಕಾಲು ನೇರ ಆಗುತ್ತೆ. ಚಿಪ್ಪು ಮೇಲೆ ಕೆಳಗೆ ಓಡಾಡೋಕೆ ತೊಡೆಮೂಳೆಯ ತುದಿಯಲ್ಲಿ ಒಂದು ಜಾಡು ಇದೆ. ಟಾಯ್ ಪೂಡಲ್, ಪಮೇರಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್ ಥರದ ಸಣ್ಣ ತಳಿಗಳಲ್ಲಿ ಎಷ್ಟೋ ನಾಯಿಗಳಿಗೆ ಈ ಜಾಡು ಆಳ ಇರಲ್ಲ. ಜೊತೆಗೆ ಕಾಲಿನ ಮೂಳೆಗಳು ಸ್ವಲ್ಪ ಬಾಗಿ, ಪಟ್ಟಿ ಅಂಟುವ ಜಾಗ ಒಳಗಡೆಗೆ ಸರಿದಿರುತ್ತೆ. ಹಾಗಾಗಿ ಎಳೆತ ನೇರ ಬೀಳಲ್ಲ. ಚಿಪ್ಪು ಜಾಡು ಬಿಟ್ಟು ಒಳಮಗ್ಗುಲಿಗೆ ಜಾರುತ್ತೆ. ಕಾಲು ಮಡಚಿದಲ್ಲೇ ಸಿಕ್ಕಿಕೊಳ್ಳುತ್ತೆ. ನಾಯಿ ಮೂರು ಕಾಲಲ್ಲಿ ನಾಲ್ಕು ಹೆಜ್ಜೆ ಹಾರಿ, ಆ ಕಾಲನ್ನು ಹಿಂದಕ್ಕೆ ಚಾಚುತ್ತೆ. ಚಿಪ್ಪು ಮತ್ತೆ ಜಾಡಿಗೆ ಬಂದು ಕೂರುತ್ತೆ. ನಾವು "ಡ್ಯಾನ್ಸು" ಅಂತ ನಗುವುದು ಆ ನಾಲ್ಕು ಹೆಜ್ಜೆಗೆ.

ಸಿಕ್ಕ ಹಗ್ಗ ಬಿಡಿಸಿಕೊಂಡಿತು, ಆಮೇಲೇನು ತೊಂದರೆ ಅಂತ ಕೇಳಬಹುದು. ತೊಂದರೆ ಇದೆ. ಜಾರುವಾಗಲೆಲ್ಲ ಚಿಪ್ಪು ಜಾಡಿನ ಅಂಚಿಗೆ ಉಜ್ಜುತ್ತೆ, ಅಲ್ಲಿನ ನುಣುಪಾದ ಮೃದ್ವಸ್ಥಿ ಸವೆಯುತ್ತೆ. ಸವೆದ ಮೇಲೆ ನೋವು, ಊತ, ನಿಧಾನವಾಗಿ ಸಂಧಿವಾತ. ಎಳೆತ ತಪ್ಪಿದ ಮಂಡಿಯಲ್ಲಿ ಒಳಗಿನ ಅಸ್ಥಿರಜ್ಜು ಹರಿಯುವ ಅಪಾಯವೂ ಹೆಚ್ಚು.

ಡಾಕ್ಟರುಗಳು ಇದನ್ನ ನಾಲ್ಕು ಹಂತ ಮಾಡಿ ಹೇಳುತ್ತಾರೆ. 1960ರ ದಶಕದ ಕೊನೆಯಿಂದ ಈ ಲೆಕ್ಕವೇ ಬಳಕೆಯಲ್ಲಿದೆ.

ಮೊದಲನೇ ಹಂತ: ಕೈಯಿಂದ ಒತ್ತಿದರೆ ಚಿಪ್ಪು ಜಾರುತ್ತೆ, ಬಿಟ್ಟ ತಕ್ಷಣ ವಾಪಸ್ ಬರುತ್ತೆ.
ಎರಡನೇ ಹಂತ: ನಡೆಯುವಾಗ ತಾನಾಗೇ ಜಾರುತ್ತೆ, ಕಾಲು ಚಾಚಿದರೆ ವಾಪಸ್ ಬರುತ್ತೆ.
ಮೂರನೇ ಹಂತ: ಹೆಚ್ಚು ಹೊತ್ತು ಜಾರಿಯೇ ಇರುತ್ತೆ. ಕೈಯಿಂದ ಕೂರಿಸಬಹುದು, ಆದರೆ ನಿಲ್ಲಲ್ಲ.
ನಾಲ್ಕನೇ ಹಂತ: ಯಾವಾಗಲೂ ಜಾರಿರುತ್ತೆ, ಕೈಯಿಂದ ಕೂರಿಸೋಕೂ ಆಗಲ್ಲ.

ಮೊದಲನೇ ಹಂತಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಕಾಗಲ್ಲ. ಎರಡನೆಯದರಲ್ಲಿ ನೋವು, ಕುಂಟು ಎಷ್ಟಿದೆ ಅನ್ನೋದನ್ನ ನೋಡಿ ತೀರ್ಮಾನ ಮಾಡುತ್ತಾರೆ. ಮೂರು, ನಾಲ್ಕಕ್ಕೆ ಜಾಡನ್ನು ಆಳ ಮಾಡಿ, ಪಟ್ಟಿ ಅಂಟಿದ ಮೂಳೆಯ ತುಣುಕನ್ನು ನೇರಕ್ಕೆ ಸರಿಸಿ ಕೂರಿಸುವ ಆಪರೇಷನ್ ಹೇಳುತ್ತಾರೆ. ಒಂದು ಮಾತು ಸ್ಪಷ್ಟವಾಗಿರಲಿ: ವ್ಯಾಯಾಮದಿಂದ ಜಾಡು ಆಳ ಆಗಲ್ಲ, ಮೂಳೆ ನೇರ ಆಗಲ್ಲ. ವ್ಯಾಯಾಮ ಮಾಡೋದು ಬೇರೆ ಕೆಲಸ. ತೊಡೆಯ ಸ್ನಾಯುಗಳು ಗಟ್ಟಿ ಇದ್ದರೆ ಕೀಲು ಅಲುಗಾಡೋದು ಕಮ್ಮಿ ಆಗುತ್ತೆ, ತೂಕ ಹಿಡಿತದಲ್ಲಿರುತ್ತೆ, ನೋವಿಲ್ಲದ ದಿನಗಳು ಹೆಚ್ಚುತ್ತವೆ. ಮೈಲೋ ಥರ ಸಣ್ಣ ಹಂತದಲ್ಲಿರುವ ನಾಯಿಗೆ ಇದೇ ದೊಡ್ಡ ಲಾಭ.

ಎರಡು ಕಡೆಯ ತಪ್ಪು

ಡಾಕ್ಟರ ಮಾತು ಕೇಳಿ ಹೆದರಿ, ನಾನು ಮೊದಲು ಮಾಡಿದ್ದು ಮೈಲೋನನ್ನು ಹದಿನೈದು ದಿನ ಎತ್ತಿಕೊಂಡೇ ಓಡಾಡಿದ್ದು. ಹೊರಗೆ ಕರೆದುಕೊಂಡು ಹೋಗೋದೂ ಎತ್ತಿಕೊಂಡು, ವಾಪಸ್ ಬರೋದೂ ಎತ್ತಿಕೊಂಡು. ಮತ್ತೆ ತೋರಿಸೋಕೆ ಹೋದಾಗ ಡಾಕ್ಟರು ಟೇಪ್ ಹಿಡಿದು ಎರಡೂ ತೊಡೆ ಅಳೆದರು. ಎಡ ತೊಡೆ ಸಣ್ಣ ಆಗಿತ್ತು. "ನೋವು ಜೋರಾಗಿದ್ದ ಮೊದಲ ಕೆಲವು ದಿನ ರೆಸ್ಟ್ ಸರಿ. ಆಮೇಲೂ ಹೀಗೇ ಎತ್ತಿಕೊಂಡಿದ್ದರೆ, ಮಂಡಿಯನ್ನ ಹಿಡಿದುಕೊಳ್ಳೋ ಸ್ನಾಯುವನ್ನೇ ನೀವು ಕರಗಿಸ್ತಿದ್ದೀರಿ" ಅಂದರು.

ಇನ್ನೊಂದು ಕಡೆಯ ತಪ್ಪು ಮೊದಲೇ ಮಾಡಿದ್ದೆನಲ್ಲ, ಬಾಲ್ ಎಸೆದದ್ದು. ನಾಯಿ ಖುಷಿಯಾಗಿ ಓಡುತ್ತಿದೆ ಅಂದರೆ ಅದಕ್ಕೆ ನೋವಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಬಾಲ್ ಕಂಡ ನಾಯಿಗೆ ಮಂಡಿ ನೆನಪಿರಲ್ಲ. ಸಾಕು ಅನ್ನೋ ಮಾತು ಅದರ ಬಾಯಲ್ಲಿ ಬರಲ್ಲ, ಅದನ್ನ ನಾವೇ ಹೇಳಬೇಕು. ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಡಿ ಅಂದರೆ ಇದನ್ನೇ ಹೇಳುತ್ತೇನೆ.

ಬೇಡದ್ದು ಯಾವುದು

ಮಂಡಿ ಸರಿಯಿಲ್ಲದ ನಾಯಿಗೆ ಕೆಟ್ಟದ್ದು ಮೂರು: ಹಾರೋದು, ಜಾರೋದು, ಗಕ್ಕನೆ ತಿರುಗೋದು. ನೇರ ಹೋಗುವಾಗ ಎಳೆತ ಜಾಡಿನ ಉದ್ದಕ್ಕೇ ಇರುತ್ತೆ. ತಿರುಗಿದ ಕ್ಷಣ ಪಕ್ಕಕ್ಕೆ ಬೀಳುತ್ತೆ. ಹಾಗಾಗಿ ಈ ಪಟ್ಟಿ.

ಬಾಲ್, ಫ್ರಿಸ್ಬೀ ಎಸೆಯೋದು ಬೇಡ. ಲೇಸರ್ ಲೈಟು ಬಿಟ್ಟು ಅಟ್ಟಿಸೋದಂತೂ ಬೇಡವೇ ಬೇಡ.

ಸೋಫಾ, ಮಂಚದಿಂದ ಹಾರೋದು ಬೇಡ. ನಾವು ಇಳಿಜಾರಿನ ಫೋಮ್ ಹಲಗೆ ಒಂದನ್ನ ಇಟ್ಟಿದ್ದೇವೆ. ಅದನ್ನ ಕಲಿಯೋಕೆ ಮೈಲೋಗೆ ಒಂದು ವಾರ ಬೇಕಾಯ್ತು.

ಎರಡು ಕಾಲ ಮೇಲೆ ನಿಲ್ಲಿಸಿ ಬಿಸ್ಕತ್ ಕೊಡೋದು, ನಮಸ್ಕಾರ ಮಾಡಿಸೋದು ಬೇಡ. ಪೂಡಲ್ ಇದನ್ನ ಬೇಗ ಕಲಿಯುತ್ತೆ, ನೋಡೋಕೂ ಚೆಂದ. ಆದರೆ ಇಡೀ ಮೈಭಾರ ಆ ಎರಡು ಮಂಡಿಗೆ ಬೀಳುತ್ತೆ.

ಮೆಟ್ಟಿಲು ಆದಷ್ಟು ಬೇಡ. ಹತ್ತಬೇಕಾದರೆ ಎತ್ತಿಕೊಳ್ಳಿ. ಎತ್ತುವಾಗ ಒಂದು ಕೈ ಎದೆಗೆ, ಇನ್ನೊಂದು ಹಿಂಭಾಗದ ಕೆಳಗೆ.

ಪಾದದ ಗಾದಿಗಳ ನಡುವೆ ಬೆಳೆಯುವ ಕೂದಲು ಮತ್ತು ಉದ್ದ ಉಗುರು ಎರಡೂ ಟೈಲ್ಸ್ ಮೇಲೆ ಜಾರಿಸುತ್ತವೆ. ಗ್ರೂಮಿಂಗ್‌ಗೆ ಹೋದಾಗ ಕತ್ತರಿಸೋಕೆ ನೆನಪಿಸಿ.

ಮಲೇಷ್ಯಾದ ಮನೆಗಳಲ್ಲಿ ನೆಲ ಪೂರ್ತಿ ಟೈಲ್ಸೇ, ಕಾರ್ ಪೋರ್ಚಿಗೂ ಟೈಲ್ಸು. ಮಿಸ್ಟರ್ ಡಿಐವೈ ಥರದ ಅಂಗಡಿಗಳಲ್ಲಿ ಸಿಗುವ, ಒಂದಕ್ಕೊಂದು ಸಿಕ್ಕಿಸುವ ಫೋಮ್ ಚಾಪೆ ಸಾಕು. ಇಡೀ ಹಾಲ್‌ಗೆ ಹಾಸಬೇಕಾಗಿಲ್ಲ. ನಾಯಿ ಮಲಗುವ ಜಾಗದಿಂದ ಊಟದ ತಟ್ಟೆಗೆ, ತಟ್ಟೆಯಿಂದ ಬಾಗಿಲಿಗೆ ಒಂದು ದಾರಿ ಮಾಡಿ. ನಮ್ಮ ಮನೆಯಲ್ಲಿ ಈಗ ನೀಲಿ ಬಣ್ಣದ ಒಂದು ಹೆದ್ದಾರಿಯೇ ಇದೆ.

ಬೇಕಾದ್ದು ಯಾವುದು

ಇದು ನಮ್ಮ ಡಾಕ್ಟರು ಮೈಲೋಗೆ ಹೇಳಿದ ಕ್ರಮ. ನಿಮ್ಮ ನಾಯಿಗೆ ಅಳತೆ ಬೇರೆ ಇರಬಹುದು, ರೀತಿ ಹೆಚ್ಚು ಕಮ್ಮಿ ಇದೇ.

ನಿಧಾನ ನಡಿಗೆ. ಎಲ್ಲಕ್ಕಿಂತ ಮುಖ್ಯ ಇದೇ. ಕುತ್ತಿಗೆ ಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ಇರಲಿ. ಬೆಲ್ಟು ಉದ್ದ ಬಿಡಬೇಡಿ. ನಾಯಿ ಜೋರಾಗಿ ಹೋದಾಗ ನೋಯುವ ಕಾಲನ್ನು ಎತ್ತಿಕೊಂಡು ಮೂರರಲ್ಲೇ ನಿಭಾಯಿಸಿಬಿಡುತ್ತೆ. ನಿಧಾನ ನಡೆದರೆ ನಾಲ್ಕೂ ಕಾಲನ್ನು ಊರಲೇಬೇಕು. ಆ ನಿಧಾನವೇ ವ್ಯಾಯಾಮ. ಮೈಲೋಗೆ ಮೊದಲು ಐದು ನಿಮಿಷ, ದಿನಕ್ಕೆ ಮೂರು ಸಲ. ಒಂದು ವಾರ ತೊಂದರೆ ಇಲ್ಲ ಅಂದರೆ ಎರಡು ನಿಮಿಷ ಹೆಚ್ಚು. ಭಾನುವಾರ ಒಂದೇ ಸಲ ಒಂದು ಗಂಟೆ ಸುತ್ತಿಸಿ, ವಾರ ಪೂರ್ತಿ ಸುಮ್ಮನಿರೋದು ಅತಿ ಕೆಟ್ಟ ಪದ್ಧತಿ. ನಮ್ಮಂಥ ವಿದ್ಯಾರ್ಥಿಗಳು ಜಿಮ್‌ಗೆ ಹೋಗುವ ಥರ ಅದು.

ಕೂತು ಏಳೋದು. ನಮ್ಮ ಬಸ್ಕಿ ಇದ್ದ ಹಾಗೆ. ಚಾಪೆ ಮೇಲೆ ಕೂರಿಸಿ, ಸಣ್ಣ ತಿಂಡಿ ತೋರಿಸಿ ಎಬ್ಬಿಸೋದು. ಕೂರುವಾಗ ಎರಡೂ ಹಿಂಗಾಲು ಮೈಕೆಳಗೆ ನೇರ ಮಡಚಬೇಕು. ಒಂದು ಕಾಲನ್ನ ಪಕ್ಕಕ್ಕೆ ಚೆಲ್ಲಿ ಕೂತರೆ ಅದು ಲೆಕ್ಕಕ್ಕಿಲ್ಲ. ಪಕ್ಕದಲ್ಲಿ ಗೋಡೆ ಇದ್ದರೆ ನೇರ ಕೂರೋದು ಸುಲಭ. ಐದು ಸಲ, ದಿನಕ್ಕೆ ಎರಡು ಹೊತ್ತು.

ಕೋಲು ದಾಟೋದು. ಮಾಪ್ ಕೋಲು, ಪೊರಕೆ ಕೋಲು ಯಾವುದಾದರೂ ಸರಿ. ನೆಲದ ಮೇಲೆ, ನಾಯಿಯ ಮೈ ಉದ್ದದಷ್ಟು ಅಂತರ ಬಿಟ್ಟು ನಾಲ್ಕು ಕೋಲು ಇಡಿ. ನಿಧಾನವಾಗಿ ಒಂದೊಂದೇ ಕಾಲೆತ್ತಿ ದಾಟಿಸಿ. ಹಾರೋಕೆ ಬಿಡಬೇಡಿ. ಕಾಲು ಎಲ್ಲಿ ಇಡಬೇಕು ಅನ್ನೋ ಗಮನ, ಮಂಡಿಯ ಮಡಚುವಿಕೆ ಎರಡೂ ಇದರಿಂದ ಸುಧಾರಿಸುತ್ತೆ.

ದಿಂಬಿನ ಮೇಲೆ ನಿಲ್ಲೋದು. ಗಟ್ಟಿ ದಿಂಬಿನ ಮೇಲೆ ನಿಲ್ಲಿಸಿ, ಸೊಂಟವನ್ನು ಮೆಲ್ಲಗೆ ಆ ಕಡೆ ಈ ಕಡೆ ಒತ್ತೋದು. ಬೀಳದೆ ನಿಲ್ಲೋಕೆ ಸಣ್ಣ ಸಣ್ಣ ಸ್ನಾಯುಗಳೆಲ್ಲ ಕೆಲಸ ಮಾಡುತ್ತವೆ. ಅರ್ಧ ನಿಮಿಷ ಸಾಕು.

ಸಣ್ಣ ಏರು. ಮೇಲಿನವೆಲ್ಲ ಒಂದು ತಿಂಗಳು ಸಲೀಸಾಗಿ ನಡೆದ ಮೇಲೆ ಮಾತ್ರ. ಗಾಡಿಗಳಿಲ್ಲದ ಕಡೆ, ಮೆಲ್ಲನೆ ಏರುವ ದಾರಿಯಲ್ಲಿ ಎರಡು ನಿಮಿಷ. ಹತ್ತುವಾಗ ಭಾರ ಹಿಂಗಾಲಿಗೆ ಹೋಗುತ್ತೆ, ತೊಡೆ ಗಟ್ಟಿ ಆಗುತ್ತೆ.

ನೀರಿನ ವ್ಯಾಯಾಮದ ಬಗ್ಗೆ ಎಲ್ಲರೂ ಕೇಳುತ್ತಾರೆ. ಇದು ನನ್ನ ಇಂಜಿನಿಯರ್ ಮನಸ್ಸಿಗೆ ಬಹಳ ಹಿಡಿಸಿದ ಭಾಗ. ನೀರಿನಲ್ಲಿ ನಿಂತ ನಾಯಿಗಳ ಕಾಲಿಗೆ ಬೀಳುವ ಭಾರವನ್ನು ಅಳೆದು ನೋಡಿದ್ದಾರೆ. ಹಿಂಗಾಲಿನ ಗಿಣ್ಣಿನ ಮಟ್ಟಕ್ಕೆ ನೀರಿದ್ದರೆ ಮಾಮೂಲಿ ಭಾರದ ಸುಮಾರು 91%, ಮಂಡಿ ಮಟ್ಟಕ್ಕಿದ್ದರೆ 85%, ಸೊಂಟದ ಕೀಲಿನ ಮಟ್ಟಕ್ಕೆ ಬಂದರೆ ಬರೀ 38%. ಅಂದರೆ ಸ್ನಾಯುವಿಗೆ ಕೆಲಸ ಸಿಗುತ್ತೆ, ಕೀಲಿಗೆ ಪೆಟ್ಟು ಬೀಳಲ್ಲ. ಅದಕ್ಕೇ ಪ್ರಾಣಿಗಳ ಫಿಸಿಯೋಥೆರಪಿಯಲ್ಲಿ ನೀರು ತುಂಬಿದ ಟ್ರೆಡ್‌ಮಿಲ್ ಬಳಸುತ್ತಾರೆ. ಆದರೆ ಇದನ್ನ ಕಾಂಡೋದ ಈಜುಕೊಳದಲ್ಲಿ ನೀವೇ ಪ್ರಯೋಗ ಮಾಡಬೇಡಿ. ಗಾಬರಿಯಿಂದ ಕಾಲು ಬಡಿಯುವ ನಾಯಿಗೆ ಮಂಡಿ ಇನ್ನೂ ತಿರುಚಿಕೊಳ್ಳಬಹುದು. ಗೊತ್ತಿದ್ದವರ ಕೈಯಲ್ಲಿ, ಡಾಕ್ಟರು ಹೇಳಿದರೆ ಮಾತ್ರ.

ಇವತ್ತಿನದು ಹೆಚ್ಚಾಯ್ತೋ ಅಂತ ತಿಳಿಯೋದು ಹೇಗೆ? ಉತ್ತರ ಇವತ್ತು ಸಿಗಲ್ಲ, ನಾಳೆ ಬೆಳಗ್ಗೆ ಸಿಗುತ್ತೆ. ಎದ್ದ ತಕ್ಷಣ ಮೊದಲ ಹತ್ತು ಹೆಜ್ಜೆ ನೋಡಿ. ಬಿಗಿಯಾಗಿ ನಡೆದರೆ, ಕುಪ್ಪಳಿಸೋದು ಹೆಚ್ಚಾಗಿದ್ದರೆ, ಕೂತಲ್ಲಿ ಮಂಡಿ ನೆಕ್ಕುತ್ತಿದ್ದರೆ ನಿನ್ನೆಯದು ಜಾಸ್ತಿ ಆಯ್ತು ಅಂತ ಅರ್ಥ. ಒಂದು ಹೆಜ್ಜೆ ಹಿಂದೆ ಬನ್ನಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಎರಡು ಸಾಲು ಬರೆಯುತ್ತೇನೆ: ಎಷ್ಟು ನಿಮಿಷ, ಎಷ್ಟು ಸಲ ಕುಪ್ಪಳಿಸಿದ. ಲ್ಯಾಬ್ ರೆಕಾರ್ಡನ್ನೂ ನಾನು ಇಷ್ಟು ಶ್ರದ್ಧೆಯಿಂದ ಬರೆದಿಲ್ಲ.

ಇಲ್ಲಿನ ಬಿಸಿಲು, ಮಳೆ, ಜನ

ಕೌಲಾಲಂಪುರದ ಸುತ್ತ ವರ್ಷಪೂರ್ತಿ ಮಧ್ಯಾಹ್ನ 32, 33 ಡಿಗ್ರಿ, ಜೊತೆಗೆ ಸೆಕೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ತೇವ ಆರಿಸಿಕೊಂಡು ಮೈ ತಂಪು ಮಾಡಿಕೊಳ್ಳುತ್ತೆ. ಗಾಳಿಯಲ್ಲೇ ತೇವ ತುಂಬಿದ್ದರೆ ಅದು ಸರಿಯಾಗಿ ನಡೆಯಲ್ಲ. ಇಲ್ಲಿ ಸೂರ್ಯ ಹುಟ್ಟೋದು ಏಳು ಗಂಟೆ ಆಸುಪಾಸಿಗೆ. ಏಳರಿಂದ ಎಂಟರ ಒಳಗೆ ಒಂದು ಸಲ, ಸಂಜೆ ಏಳರ ಮೇಲೆ ಒಂದು ಸಲ ನಡೆಸಿದರೆ ಒಳ್ಳೆಯದು. ನಡುವಿನದ್ದನ್ನ ಮನೆಯೊಳಗೇ ಮುಗಿಸಿ. ರಸ್ತೆಗೆ ಇಳಿಸುವ ಮುಂಚೆ ನಿಮ್ಮ ಅಂಗೈ ಹಿಂಭಾಗವನ್ನ ಟಾರಿಗೆ ಇಟ್ಟು ಏಳು ಎಣಿಸಿ. ನಿಮಗೆ ಇಡೋಕೆ ಆಗದಿದ್ದರೆ ಅದರ ಪಾದಕ್ಕೂ ಆಗಲ್ಲ. ಮೂತಿ ಚಪ್ಪಟೆ ಇರುವ ಶಿಟ್ಜು, ಪಗ್‌ಗಳಿಗೆ ಬಿಸಿಲಿನ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು.

ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದರೆ ಅಂಗಡಿ ಸಾಲಿನ ಕಾಕಿ ಲಿಮಾ ನೆನಪಾಗುತ್ತೆ. ಸೂರು ಇದೆ, ನೆನೆಯಲ್ಲ ಅಂತ ನಾನೂ ಅಲ್ಲಿ ನಡೆಸಿ ನೋಡಿದೆ. ಒಂದೊಂದು ಅಂಗಡಿಯ ಮುಂದೆ ಒಂದೊಂದು ಎತ್ತರ, ನಡುವೆ ಮೆಟ್ಟಿಲು, ನೆನೆದ ಟೈಲ್ಸು. ಮಂಡಿ ನೋವಿನ ನಾಯಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಮಳೆ ದಿನ ಮನೆಯ ನೀಲಿ ಹೆದ್ದಾರಿಯೇ ಗತಿ.

ಇಲ್ಲಿನ ಎಷ್ಟೋ ಉದ್ಯಾನಗಳಲ್ಲಿ ನಾಯಿಗೆ ಪ್ರವೇಶ ಇಲ್ಲ, ಬೋರ್ಡು ನೋಡಿಕೊಂಡು ಹೋಗಿ. ದೇಸಾ ಪಾರ್ಕ್‌ಸಿಟಿಯ ಸೆಂಟ್ರಲ್ ಪಾರ್ಕ್ ನಾಯಿಗಳಿಗೆ ಹೆಸರಾದ ಜಾಗ. ಆದರೆ ಅಲ್ಲಿ ದೊಡ್ಡ ನಾಯಿಗಳೂ ಬರುತ್ತವೆ. ಮೈಲೋ ಅವುಗಳ ಹಿಂದೆ ಓಡಿದರೆ ಹದಿನೈದು ದಿನದ ಶ್ರಮ ಒಂದೇ ನಿಮಿಷದಲ್ಲಿ ಹೋಗುತ್ತೆ, ಹಾಗಾಗಿ ಬೆಲ್ಟು ಬಿಚ್ಚಲ್ಲ. ನಮ್ಮ ಬೀದಿಯಲ್ಲಿ ಮಲಯ್ ಮುಸ್ಲಿಂ ಕುಟುಂಬಗಳಿವೆ. ನಾಯಿಯ ಜೊಲ್ಲು ತಾಗಿದರೆ ಅವರ ಸಂಪ್ರದಾಯದ ಪ್ರಕಾರ ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಹಾಕಿ, ತೊಳೆದುಕೊಳ್ಳಬೇಕು. ಎದುರಿಗೆ ಬಂದಾಗ ಮೈಲೋನನ್ನು ನನ್ನ ಕಾಲ ಪಕ್ಕಕ್ಕೆ ಎಳೆದುಕೊಂಡು ನಿಲ್ಲುತ್ತೇನೆ, ಅವರು ನಕ್ಕು ತಲೆಯಾಡಿಸಿ ಹೋಗುತ್ತಾರೆ. ನಮ್ಮೂರಲ್ಲೂ ಮಡಿಯಲ್ಲಿದ್ದ ಅಜ್ಜಿಯ ಮುಂದೆ ನಾವು ಸರಿದು ನಿಲ್ಲುತ್ತಿರಲಿಲ್ಲವೇ?

800 ಗ್ರಾಂ ಲೆಕ್ಕ

ಮೈಲೋ ತೂಕ ಅವತ್ತು 4.6 ಕೆಜಿ ಇತ್ತು. 3.8 ಇರಬೇಕು ಅಂದರು ಡಾಕ್ಟರು. 800 ಗ್ರಾಂ ಏನು ಮಹಾ ಅನ್ನಿಸಿತು. ಮನೆಗೆ ಬಂದು ಲೆಕ್ಕ ಹಾಕಿದೆ: 60 ಕೆಜಿ ತೂಕದ ಮನುಷ್ಯ ಹನ್ನೆರಡೂವರೆ ಕೆಜಿ ಅಕ್ಕಿ ಮೂಟೆ ಹೊತ್ತುಕೊಂಡು ದಿನವಿಡೀ ಓಡಾಡಿದ ಹಾಗೆ, ಅದೂ ಮಂಡಿ ನೋವಿಟ್ಟುಕೊಂಡು. ವ್ಯಾಯಾಮಕ್ಕಿಂತ ಮುಂಚೆ ಆ ಮೂಟೆ ಇಳಿಸಬೇಕಿತ್ತು.

ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಮ್ಮಿ ಊಟ ಹಾಕಿ ಜೀವನಪೂರ್ತಿ ನೋಡಿದ ಒಂದು ಅಧ್ಯಯನ ಇದೆ. ಫಲಿತಾಂಶ 2002ರಲ್ಲಿ ಪ್ರಕಟವಾಯ್ತು. ಕಮ್ಮಿ ತಿಂದ ಗುಂಪಿನ ನಾಯಿಗಳ ಮಧ್ಯಮ ಆಯಸ್ಸು ಸುಮಾರು 1.8 ವರ್ಷ ಹೆಚ್ಚಿತ್ತು, ಸಂಧಿವಾತವೂ ತಡವಾಗಿ ಬಂತು. ಅವು ದೊಡ್ಡ ನಾಯಿಗಳು, ನಿಜ. ಆದರೆ ಭಾರ ಹೊತ್ತ ಕೀಲು ಬೇಗ ಸವೆಯೋದು ಎಲ್ಲ ನಾಯಿಗೂ ಒಂದೇ.

ಮನೆಯಲ್ಲಿ ನೋಡೋದು ಸುಲಭ. ಪಕ್ಕೆಯ ಮೇಲೆ ಕೈಯಾಡಿಸಿದರೆ ಪಕ್ಕೆಲುಬು ಒತ್ತದೇ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಒಳಗೆ ಹೋಗಿರಬೇಕು. ಪೂಡಲ್‌ಗೆ ಕೂದಲು ಜಾಸ್ತಿ, ಕಣ್ಣು ನಂಬಬೇಡಿ, ಕೈ ನಂಬಿ. ಆಂಟಿ ಬೆಳಗಿನ ಕಾಯಾ ಟೋಸ್ಟಿನ ಅಂಚು ಕೊಡುತ್ತಿದ್ದರು, ನಾನು ಚಪಾತಿ ತುಂಡು. ಎರಡೂ ನಿಂತವು. ಈಗ ವ್ಯಾಯಾಮದ ತಿಂಡಿ ಅಂದರೆ ಬೇಯಿಸಿದ ಕ್ಯಾರೆಟ್ಟಿನ ಚೂರು, ಇಲ್ಲವೇ ಅದರದ್ದೇ ಊಟದಿಂದ ತೆಗೆದಿಟ್ಟ ಹತ್ತು ಕಾಳು. ಅಂದ ಹಾಗೆ, ಮೈಲೋ ಅನ್ನೋ ನಾಯಿಗೆ ಮೈಲೋ ಕುಡಿಸಬಾರದು. ಕೋಕೋ ನಾಯಿಗಳಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಕೂಡ.

ಡಾಕ್ಟರ ಹತ್ತಿರ ಯಾವಾಗ

ಕಾಲನ್ನು ಪೂರ್ತಿ ಎತ್ತಿಕೊಂಡು ಊರಲೇ ಇಲ್ಲ ಅಂದರೆ ಕಾಯಬೇಡಿ. ಅಸ್ಥಿರಜ್ಜು ಹರಿದಿರಬಹುದು. ಕುಂಟು ಒಂದು ದಿನ ದಾಟಿದರೆ, ಮಂಡಿ ಊದಿದ್ದರೆ, ಬೆನ್ನು ಬಗ್ಗಿಸಿ ನಡೆಯುತ್ತಿದ್ದರೆ ತೋರಿಸಿ. ಮಂಡಿಚಿಪ್ಪು ಜಾರೋದು ಎಷ್ಟೋ ಸಲ ಎರಡೂ ಕಾಲಿನಲ್ಲಿರುತ್ತೆ. ಎರಡೂ ನೋಯುವಾಗ ನಾಯಿ ಕುಂಟಲ್ಲ, ಸುಮ್ಮನೆ ಕೂರುತ್ತೆ. ಅದನ್ನ ನಾವು "ಸೋಮಾರಿ" ಅಂತೀವಿ.

ಚಿಪ್ಪನ್ನ ನೀವೇ ಒತ್ತಿ ಕೂರಿಸೋಕೆ ಹೋಗಬೇಡಿ. ಪನಡಾಲ್, ನಮ್ಮೂರಿನ ಡೋಲೋ, ಐಬುಪ್ರೊಫೆನ್ ಯಾವುದನ್ನೂ ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆ ಸಣ್ಣ ನಾಯಿಯ ಪ್ರಾಣಕ್ಕೇ ಅಪಾಯ. ಸೆರ್ಡಾಂಗ್‌ನಲ್ಲಿ ಪುತ್ರಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆ ಇದೆ, ಊರಲ್ಲಿ ಕೇಳುವವರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಇರುವ ಪಶುವೈದ್ಯಕೀಯ ಕಾಲೇಜಿದೆ. ಹೋಗುವಾಗ ಕುಪ್ಪಳಿಸುವ ವಿಡಿಯೋ ಒಂದು ತೆಗೆದುಕೊಂಡು ಹೋಗಿ. ಡಾಕ್ಟರ ಮೇಜಿನ ಮೇಲೆ ನಾಯಿ ಯಾವತ್ತೂ ಸರಿಯಾಗೇ ನಡೆಯುತ್ತೆ.

ಕಾಳಿ ಮತ್ತು ಪಿಂಕಿ

ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದವರು ನಾವು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕ್ರಿ.ಶ. 949-50ರದ್ದು. ಗಂಗರ ಬೂತುಗ, ಮೆಚ್ಚಿ ಏನು ಬೇಕು ಕೇಳು ಅಂದಾಗ ಮಣಲೇರ ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ. ಆ ಕಾಳಿ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕಾಳಿಯ ಕಾಲು ಬೇಟೆಗೆ ಆಗಿಬಂದ ಕಾಲು. ಮೈಲೋನ ಕಾಲು ಹಾಗಲ್ಲ. ತೊಡೆಯ ಮೇಲೆ ಕೂರುವಷ್ಟು ಚಿಕ್ಕ ನಾಯಿ ಬೇಕು ಅಂತ ಮನುಷ್ಯರೇ ಚಿಕ್ಕದನ್ನು ಆರಿಸಿ ಆರಿಸಿ ಬೆಳೆಸಿದ್ದಕ್ಕೆ ಬಂದ ಕಾಲು. ಅದನ್ನ ನೋಡಿಕೊಳ್ಳೋದೂ ನಮ್ಮದೇ ಜವಾಬ್ದಾರಿ ಅಂತ ನನಗನ್ನಿಸುತ್ತೆ.

ಅರಸೀಕೆರೆಯ ಮನೆಯಲ್ಲಿ ನಮಗೂ ಒಂದು ಬಿಳಿ ನಾಯಿ ಇತ್ತು, ಪಿಂಕಿ. ನಾನು ಹೈಸ್ಕೂಲಿನಲ್ಲಿದ್ದಾಗ ಅದೂ ಹೀಗೇ ಮೂರು ಕಾಲಲ್ಲಿ ಹಾರಿ, ಕಾಲು ಚಾಚಿ, ಮತ್ತೆ ಓಡುತ್ತಿತ್ತು. "ಹೆಜ್ಜೆ ಹಾಕ್ತಾಳೆ ನೋಡು" ಅಂತ ಅಜ್ಜಿ ನಗುತ್ತಿದ್ದರು. ನಾಲ್ಕಾರು ವರ್ಷ ಆದಮೇಲೆ ಜಗಲಿ ಹತ್ತೋದು ಬಿಟ್ಟಿತು. ವಯಸ್ಸಾಯ್ತು ಅಂದುಕೊಂಡೆವು. ಅಂಗಳದಲ್ಲೇ ಒಂದು ಗೋಣಿಚೀಲ ಹಾಸಿಕೊಟ್ಟೆವು. ಮೈಲೋನ ಎಕ್ಸ್-ರೇ ನೋಡಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಗೊತ್ತಾಗಲಿಲ್ಲ ಕಣೋ. ಯಾರೂ ಹೇಳಲಿಲ್ಲ" ಅಂದರು. ಈ ಲೇಖನ ಬರೆದದ್ದು ಆ ಮಾತಿಗೆ.

ಆಂಟಿ ಇಪೋದಿಂದ ಬಂದ ದಿನ ಬಾಲ್ ಎಸೆದದ್ದನ್ನ ಮುಚ್ಚಿಡದೆ ಹೇಳಿದೆ. "ಐಯೋ" ಅಂದರು. ಆ ಪದ ಅವರಿಗೂ ನಮಗೂ ಒಂದೇ. ಬೈಯುತ್ತಾರೆ ಅಂದುಕೊಂಡಿದ್ದೆ. ನನ್ನ ಕೈಯಿಂದ ಮೈಲೋನನ್ನು ತೆಗೆದುಕೊಂಡು, "ಕುಪ್ಪಳಿಸೋದನ್ನ ನಾನೂ ಎರಡು ವರ್ಷದಿಂದ ನೋಡ್ತಾ ಇದ್ದೆ" ಅಂದರು.

ಈಗ ಏಳು ತಿಂಗಳು. ಮೈಲೋ 3.9 ಕೆಜಿ. ನಡಿಗೆ ಹದಿನೆಂಟು ನಿಮಿಷ, ದಿನಕ್ಕೆ ಎರಡು ಸಲ. ನೋಟ್‌ಬುಕ್ಕಿನಲ್ಲಿ ಕುಪ್ಪಳಿಕೆ ಕಾಲಂ ಮೊದಲು ದಿನಕ್ಕೆ ಹನ್ನೊಂದು, ಹನ್ನೆರಡು ಇತ್ತು, ಹೋದ ವಾರ ಪೂರ್ತಿ ಸೇರಿ ನಾಲ್ಕು. ಪೂರ್ತಿ ಹೋಗಲ್ಲ, ಅದು ಗೊತ್ತು. ಥೀಸಿಸ್ ಮುಗಿದರೆ ನಾನು ಈ ಮನೆ ಬಿಡುತ್ತೇನೆ. ನೋಟ್‌ಬುಕ್ಕನ್ನ ಮುಂದೆ ಈ ರೂಮಿಗೆ ಬರುವವರಿಗೆ ಅಂತ ಇಂಗ್ಲಿಷಿನಲ್ಲಿ ಮತ್ತೆ ಬರೆದು ಇಡುತ್ತಿದ್ದೇನೆ. ಮೊದಲ ಪುಟದಲ್ಲಿ ಒಂದೇ ಸಾಲು: ಬಾಲ್ ಎಸೆಯಬೇಡಿ, ಜೊತೆಗೆ ನಡೆಯಿರಿ.